ನನ್ನ ಕೊಲೆಯ ನಿರೀಕ್ಷೆಯಲ್ಲಿ

ನಿಮ್ಮ ಹತ್ತಿರ ಮುಚ್ಚಿಡುವುದೇನು, ಹತ್ತೊಂಬತ್ತು ವರ್ಷಗಳಿಂದ ನಾನು ಕೊಲೆಯಾಗಲು ಕಾಯುತ್ತಿದ್ದೆ. ಗಾಬರಿ ಬೀಳಬೇಡಿ. ಮನೆಯಲ್ಲಿ ಎಲ್ಲ ಕ್ಷೇಮ. ಬಿ.ಪಿ. ಒಂದನ್ನು ಬಿಟ್ಟರೆ ನನಗೆ ಈ ಲೋಕದಲ್ಲಿ ಬೇರೆ ಶತ್ರುಗಳಿಲ್ಲ. ನಾನು ಕಾಯುತ್ತಿದ್ದದ್ದು ಪುಸ್ತಕದೊಳಗೆ ಕೊಲೆಯಾಗಲು. ಅದೂ ಎಂಥ ಪುಸ್ತಕದಲ್ಲಿ ಅಂತ ಕೇಳಿದರೆ ಮಾನ ಉಳಿಯುವುದಿಲ್ಲ. ಆದರೂ ಹೇಳಿಬಿಡುತ್ತೇನೆ.

‘ಪತ್ತೇದಾರ ಪರಂಜ್ಯೋತಿ’ ಎಂಬ ಕಾದಂಬರಿ ಮಾಲೆಯೊಂದಿದೆ. ನೀವು ಕೇಳಿರಲಾರಿರಿ, ಕೇಳಿದ್ದರೂ ಒಪ್ಪಿಕೊಳ್ಳಲಾರಿರಿ. ಕಥೆ ನಡೆಯುವುದು ಕ್ರಿಸ್ತಶಕ ಎರಡು ಸಾವಿರದ ಮುನ್ನೂರ ಹತ್ತರಲ್ಲಿ. ಮನುಷ್ಯರು ಚಂದ್ರ, ಮಂಗಳ, ಶನಿ ಎಲ್ಲ ಕಡೆ ಸೈಟು ಮಾಡಿಕೊಂಡು ಮನೆ ಕಟ್ಟಿದ್ದಾರೆ. ಅಲ್ಲಿ ಆಗಾಗ ಕೊಲೆಗಳಾಗುತ್ತವೆ. ಕೊಲೆಗಾರನನ್ನು ಹಿಡಿಯಲು ಪರಂಜ್ಯೋತಿ ಎಂಬ ಪತ್ತೇದಾರ ಯಂತ್ರಪ್ಪ ಎಂಬ ರೋಬೋಟಿನ ಜೊತೆ ರಾಕೆಟ್ಟಿನಲ್ಲಿ ಹೋಗುತ್ತಾನೆ. ಬರೆಯುವವರ ಕಾವ್ಯನಾಮ ಭವಿಷ್ಯಮಿತ್ರ. ವರ್ಷಕ್ಕೆ ಎರಡು ಪುಸ್ತಕ. ಅಂಗಡಿಗಳಲ್ಲಿ ಸಿಗುವುದು ಅಪರೂಪ, ಚಂದಾದಾರರಿಗೆ ಅಂಚೆಯಲ್ಲಿ ಬರುತ್ತದೆ. ಭವಿಷ್ಯಮಿತ್ರರು ಗುಬ್ಬಿಯವರು. ಜೀವನವಿಡೀ ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದೆ ಮೇಜು ಹಾಕಿಕೊಂಡು ಜನರಿಗೆ ಕ್ರಯಪತ್ರ, ಭಾಗಪತ್ರ ಬರೆದುಕೊಟ್ಟವರು. ಈ ಒಂದು ಸಂಗತಿ ಗೊತ್ತಾದರೆ ಅವರ ಇಡೀ ಸಾಹಿತ್ಯ ಅರ್ಥವಾಗುತ್ತದೆ.

ಮಂಗಳ ಗ್ರಹದಲ್ಲಿ ಕೊಲೆಯಾದರೆ ಬೇರೆ ಪತ್ತೇದಾರರು ಬೆರಳಚ್ಚು ಹುಡುಕುತ್ತಾರೆ. ನಮ್ಮ ಪರಂಜ್ಯೋತಿ ಮೂಲಪತ್ರ ಕೇಳುತ್ತಾನೆ. ಹೆಣ ಬಿದ್ದಿರುವುದು ಯಾರ ಹೆಸರಿನ ಜಾಗದಲ್ಲಿ, ಖಾತೆ ಆಗಿದೆಯೋ ಇಲ್ಲವೋ, ಚಕ್ಕುಬಂದಿ ಏನು, ಇದೆಲ್ಲ ತಿಳಿಯದೆ ಅವನು ಹೆಣ ಮುಟ್ಟುವುದಿಲ್ಲ. ಒಂದು ಸಂಪುಟದಲ್ಲಿ ಆ ಚಕ್ಕುಬಂದಿಯನ್ನೇ ಪೂರ್ತಿ ಕೊಟ್ಟಿದ್ದರು: ಪೂರ್ವಕ್ಕೆ ಸರ್ಕಾರಿ ರಸ್ತೆ, ಪಶ್ಚಿಮಕ್ಕೆ ಉಲ್ಕೆ ಬಿದ್ದ ಹಳ್ಳ, ಉತ್ತರಕ್ಕೆ ತಿಮ್ಮೇಗೌಡರ ಗಾಜಿನ ಗುಮ್ಮಟ, ದಕ್ಷಿಣಕ್ಕೆ ಗಾಳಿಯಿಲ್ಲದ ಖರಾಬು. ಕೊಲೆಗಾರ ಸಿಕ್ಕಿಬಿದ್ದದ್ದು ಪಶ್ಚಿಮದ ಹಳ್ಳವನ್ನು ಆರು ಅಡಿ ಒತ್ತುವರಿ ಮಾಡಿದ್ದರಿಂದ. ನಾನು ಬಸ್ಸಿನಲ್ಲಿ ಕೂತು ಇದನ್ನು ಓದಿ ಚಪ್ಪಾಳೆ ತಟ್ಟಿದ್ದೆ.

ಇದು ಗುಣವೋ ದೋಷವೋ ನೀವೇ ಹೇಳಿ. ಆದರೆ ಖಂಡಿತವಾಗಿ ದೋಷಗಳೆನ್ನುವಂಥವು ಬೇಕಾದಷ್ಟಿವೆ. ಒಂಬತ್ತನೆಯ ಸಂಪುಟದಲ್ಲಿ ಪರಂಜ್ಯೋತಿಯ ಎಡಗೈಯನ್ನು ಲೇಸರ್ ಕತ್ತರಿಸಿತು. ಓದಿ ಸಂಕಟಪಟ್ಟೆವು. ಹನ್ನೊಂದರಲ್ಲಿ ಅವನು ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದ. ಚಂದ್ರನಿಂದ ಮಂಗಳಕ್ಕೆ ಹೋಗುವ ರಾಕೆಟ್ಟು ಮುಕ್ಕಾಲು ಗಂಟೆಯಲ್ಲಿ ತಲುಪುತ್ತದೆ, ತುಮಕೂರಿನಿಂದ ಗುಬ್ಬಿಗೆ ಹಿಡಿಯುವಷ್ಟೇ ಹೊತ್ತು, ಮತ್ತು ಅದಕ್ಕೆ ಬೈಪಾಸಿನಲ್ಲಿ ಸ್ಟಾಪ್ ಇಲ್ಲ. ಶನಿ ಗ್ರಹದಲ್ಲಿ ಮಧ್ಯಾಹ್ನ ಕರೆಂಟು ಹೋಗುತ್ತದೆ. ಯಂತ್ರಪ್ಪನಿಗೆ ಮಳೆಗಾಲದಲ್ಲಿ ಮಂಡಿ ಹಿಡಿಯುತ್ತದೆ. ಮೂರು ಶತಮಾನ ಕಳೆದರೂ ಕಚೇರಿಗಳಲ್ಲಿ ಕಾರ್ಬನ್ ಪೇಪರ್ ಇದೆ. ಮೊದಲ ಅಧ್ಯಾಯದಲ್ಲಿ ಯಾರನ್ನು ‘ಊರಿಗೇ ಬೇಕಾದವರು’ ಎಂದು ವರ್ಣಿಸಿರುತ್ತಾರೋ ಅವರೇ ಕೊಲೆಗಾರರು. ಐವತ್ತರ ಹತ್ತಿರ ಬಂದರೂ ಈ ನಿಯಮ ಒಮ್ಮೆಯೂ ತಪ್ಪಿಲ್ಲ.

ನಾನು ಕುಣಿಗಲ್‌ನಲ್ಲಿ ಹೈಸ್ಕೂಲು ವಿಜ್ಞಾನದ ಮೇಡಂ. ಮನೆ ತುಮಕೂರಿನ ಸದಾಶಿವನಗರದಲ್ಲಿ. ದಿನಾ ಹೋಗುತ್ತಾ ಬರುತ್ತಾ ಬಸ್ಸಿನಲ್ಲಿ ಓದುವುದು ಇದನ್ನೇ. ಗಾಳಿಯಿಲ್ಲದ ಕಡೆ ಶಬ್ದ ಕೇಳಿಸುವುದಿಲ್ಲ ಎಂದು ಬೆಳಿಗ್ಗೆ ಎಂಟನೇ ತರಗತಿಗೆ ಪಾಠ ಮಾಡಿ, ಸಂಜೆ ಬಸ್ಸಿನಲ್ಲಿ ಚಂದ್ರನ ಮೇಲೆ ನಾಯಿ ಬೊಗಳಿದ್ದನ್ನು ಕೇಳಿಸಿಕೊಂಡು ಬೆಚ್ಚಿಬೀಳುವವಳು ನಾನು. ಸ್ಟಾಫ್‌ರೂಮಿನಲ್ಲಿ ಪುಸ್ತಕಕ್ಕೆ ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿಕೊಂಡು ಓದುತ್ತೇನೆ. ಎಲ್ಲರೂ ಏನೋ ಅಧ್ಯಾತ್ಮ ಅಂದುಕೊಂಡಿದ್ದಾರೆ.

ಇಷ್ಟು ತಪ್ಪಿದ್ದರೂ ಯಾಕೆ ಬಿಡಲಿಲ್ಲ? ವಿಜ್ಞಾನದವಳಾಗಿ ನಾನು ಇದಕ್ಕೆ ಜಡತ್ವ ಎನ್ನಬೇಕು. ಚಲಿಸುವ ವಸ್ತು ಚಲಿಸುತ್ತಲೇ ಇರುತ್ತದೆ, ಓದುವ ಹೆಂಗಸು ಓದುತ್ತಲೇ ಇರುತ್ತಾಳೆ. ಆದರೆ ಅದಷ್ಟೇ ಅಲ್ಲ. ನಮ್ಮ ಹಿರಿಯರು ಭಕ್ತಿಯನ್ನು ಒಂಬತ್ತು ಬಗೆ ಎಂದು ವಿಂಗಡಿಸಿದ್ದಾರಲ್ಲ, ಕೇಳುವುದು, ಹಾಡುವುದು, ನೆನೆಯುವುದು ಹೀಗೆ, ಅದರಲ್ಲಿ ಹತ್ತನೆಯದೊಂದು ಬಿಟ್ಟುಹೋಗಿದೆ ಎಂಬುದು ನನ್ನ ಸಂಶೋಧನೆ. ಅದು ತಪ್ಪು ಹುಡುಕುವ ಭಕ್ತಿ. ದೇವರನ್ನು ಬೈಯುತ್ತಲೇ ಹೊಗಳುವ ನಿಂದಾಸ್ತುತಿ ನಮ್ಮಲ್ಲಿ ಮೊದಲಿನಿಂದ ಇರುವುದೇ. ಬೇಡವಾದ ದೇವರನ್ನು ಯಾರು ಕೂತು ಬೈಯುತ್ತಾರೆ? ಕ್ಯಾತ್ಸಂದ್ರದಲ್ಲಿ ನಾವು ಹೋಗುವ ಹೋಟೆಲಿನ ತಟ್ಟೆ ಇಡ್ಲಿ ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತಿದೆ. ಪ್ರತಿ ಭಾನುವಾರ ಅದನ್ನೇ ಆಡಿಕೊಳ್ಳುತ್ತಾ ಅದನ್ನೇ ತಿಂದು ಬರುತ್ತೇವೆ. ಪಕ್ಕದ ಹೋಟೆಲಿನ ಇಡ್ಲಿ ದಪ್ಪಗಿದೆ. ಅದರ ಬಗ್ಗೆ ನಮಗೆ ದೂರೂ ಇಲ್ಲ, ಆಸೆಯೂ ಇಲ್ಲ.

ಪ್ರತಿ ಸಂಪುಟ ಓದಿದ ಮೇಲೆ ನಾನು ಗುಬ್ಬಿಗೆ ಒಂದು ಕಾಗದ ಬರೆಯುತ್ತಿದ್ದೆ. ಪುಟ ಇಷ್ಟು, ಸಾಲು ಇಷ್ಟು, ತಪ್ಪು ಇಂಥದ್ದು. ಎರಡು ಮೂರು ಹಾಳೆ ಆಗುತ್ತಿತ್ತು. ಉತ್ತರವಾಗಿ ಕಾರ್ಡು ಬರುತ್ತಿತ್ತು: ‘ತಮ್ಮ ಪತ್ರ ತಲುಪಿತು. ಮುಂದಿನ ಮುದ್ರಣದಲ್ಲಿ ಸರಿಪಡಿಸಲಾಗುವುದು.’ ಯಾವ ಸಂಪುಟವೂ ಎರಡನೆಯ ಮುದ್ರಣ ಕಂಡಿಲ್ಲ. ಆ ಕಾರ್ಡುಗಳನ್ನೆಲ್ಲ ಬೀರುವಿನಲ್ಲಿ ಸೀರೆ ಮಡಿಕೆಯ ಮಧ್ಯೆ ಇಟ್ಟಿದ್ದೇನೆ.

ಇನ್ನು ಕೊಲೆಯ ವಿಷಯಕ್ಕೆ ಬರುತ್ತೇನೆ. ಭವಿಷ್ಯಮಿತ್ರರದ್ದು ಒಂದು ಪದ್ಧತಿ. ನಿಷ್ಠಾವಂತ ಚಂದಾದಾರರಿಗೆ ಕೃತಜ್ಞತೆ ಹೇಳಲು ಅವರು ಸನ್ಮಾನ ಮಾಡುವುದಿಲ್ಲ, ಹಾರ ಹಾಕುವುದಿಲ್ಲ, ಕೊಲ್ಲುತ್ತಾರೆ. ಅಂದರೆ ಒಂದೊಂದು ಸಂಪುಟದಲ್ಲಿ ಕೊಲೆಯಾಗುವ ವ್ಯಕ್ತಿಗೆ ಒಬ್ಬ ಚಂದಾದಾರರ ಹೆಸರು, ಊರು ಸಮೇತ ಇಡುತ್ತಾರೆ. ನಮ್ಮ ಪೈಕಿ ಇದಕ್ಕಿಂತ ದೊಡ್ಡ ಗೌರವವಿಲ್ಲ. ಊರ್ಡಿಗೆರೆಯ ಒಬ್ಬ ಪಶುವೈದ್ಯರು ಗುರುಗ್ರಹದ ಚಂಡಮಾರುತದಲ್ಲಿ ಹೋದರು. ಶೆಟ್ಟಿಹಳ್ಳಿಯ ಟೈಲರೊಬ್ಬರನ್ನು ಅವರದೇ ಅಂತರಿಕ್ಷ ಅಂಗಿಯಲ್ಲಿ ಹೊಲಿಗೆ ಬಿಚ್ಚಿ ಕೊಂದರು. ಅವರು ಆ ಪುಟವನ್ನು ಅಂಗಡಿಯಲ್ಲಿ ಫ್ರೇಮ್ ಹಾಕಿಸಿ ಹೂವು ಮುಡಿಸಿದ್ದಾರೆ. ಗೊತ್ತಿಲ್ಲದವರು ಒಳಗೆ ಬಂದು ಮೊದಲು ಸಂತಾಪ ಹೇಳಿ ಆಮೇಲೆ ಅಳತೆ ಕೊಡುತ್ತಾರೆ.

ನನ್ನ ಸರದಿ ಯಾವಾಗ ಎಂದು ನಾನು ಕಾಯುತ್ತಿರುವಾಗ ಇಪ್ಪತ್ತೆಂಟನೆಯ ಸಂಪುಟ ಬಂತು. ಎರಡನೆಯ ದಿನ ಕುಣಿಗಲ್ ಬಸ್ಸು ಹತ್ತಿ ಕೂತು ಓದು ಮುಂದುವರಿಸಿದೆ. ಎಂಬತ್ತನಾಲ್ಕನೇ ಪುಟ. ಚಂದ್ರನ ಮೇಲೆ ಯಾರೋ ಗುರುತ್ವಾಕರ್ಷಣೆ ಯಂತ್ರದ ಫ್ಯೂಸು ಕಿತ್ತಿದ್ದಾರೆ. ಮನೆಯೊಳಗಿದ್ದ ಮನುಷ್ಯ ಮೇಲಕ್ಕೆ ತೇಲಿ ಹೋಗಿ ತೊಲೆಗೆ ತಲೆ ಬಡಿದು ಪ್ರಾಣ ಬಿಟ್ಟಿದ್ದಾನೆ. ಯಾರು? ‘ತುಮಕೂರು ಸದಾಶಿವನಗರದ ಕೆ. ಎನ್. ಗಂಗಾಧರಯ್ಯ.’

ಗಂಗಾಧರಯ್ಯ ನನ್ನ ಯಜಮಾನರು. ಕರೆಂಟ್ ಆಫೀಸಿನಲ್ಲಿದ್ದು ರಿಟೈರ್ ಆದವರು. ಪರಂಜ್ಯೋತಿಯ ಒಂದು ಪುಟವನ್ನೂ ಓದಿದವರಲ್ಲ. ಆದರೆ ಚಂದಾ ಅವರ ಹೆಸರಿನಲ್ಲಿತ್ತು. ತಪ್ಪು ನನ್ನದೇ. ಚಂದಾ ಫಾರಂ ತುಂಬುವಾಗ ಗ್ಯಾಸು, ರೇಷನ್ನು, ನಲ್ಲಿ ಎಲ್ಲವೂ ಇರುವಂತೆ ಇದಕ್ಕೂ ಅವರ ಹೆಸರನ್ನೇ ಬರೆದುಬಿಟ್ಟಿದ್ದೆ. ಕೈ ತಾನಾಗಿ ಬರೆಯಿತು. ಹೆಣ್ಣುಮಕ್ಕಳು ಸ್ವಂತ ಹೆಸರಿನಲ್ಲಿ ಬಾಳಬೇಕು ಎಂದು ಪ್ರತಿ ವರ್ಷ ಶಾಲೆಯಲ್ಲಿ ಮೈಕು ಹಿಡಿದು ಹೇಳುವ ಕೈ ಅದೇ.

ನನಗೆ ಹೊಟ್ಟೆಕಿಚ್ಚಾಗಬೇಕಿತ್ತು. ಆಯಿತು ಕೂಡ, ಆಮೇಲೆ. ಆದರೆ ಆ ಕ್ಷಣಕ್ಕೆ ಆದದ್ದೇ ಬೇರೆ. ತೊಲೆಗೆ ಬಡಿದ ಆ ತಲೆಯನ್ನು, ಅದರ ಬೋಳನ್ನು, ಕಣ್ಣಿಗೆ ಕಟ್ಟಿದ ಹಾಗೆ ನೋಡಿಬಿಟ್ಟೆ. ಹೆಬ್ಬೂರು ಬರುವಷ್ಟರಲ್ಲಿ ಗಳಗಳ ಅಳುತ್ತಿದ್ದೆ. ಕಂಡಕ್ಟರ್ ಓಡಿಬಂದ. “ಯಾಕ್ ಮೇಡಂ, ಏನಾಯ್ತು?” ಎಂದ. ನನ್ನ ಬಾಯಿಂದ “ನಮ್ಮೆಜಮಾನ್ರು ಹೋಗ್ಬುಟ್ರು ಕಣಪ್ಪಾ” ಎಂದು ಬಂದೇಬಿಟ್ಟಿತು. ಪಕ್ಕದಲ್ಲಿದ್ದ ಸೊಪ್ಪಿನ ಗಂಟಿನ ಅಜ್ಜಿ ನನ್ನ ತಲೆಯನ್ನು ಎದೆಗೆ ಒತ್ತಿಕೊಂಡು, “ಅಳ್ಬ್ಯಾಡ ಕಣವ್ವಾ, ಎಷ್ಟೊತ್ನಲ್ಲಿ ಹೋದ್ರು?” ಎಂದಿತು. ಅಷ್ಟರಲ್ಲಿ ನನ್ನ ಮಡಿಲಿನ ಮೊಬೈಲು ರಿಂಗಾಯಿತು. ಪರದೆಯ ಮೇಲೆ ‘ಯಜಮಾನರು’ ಎಂದು ಬಂತು, ಜೊತೆಗೆ ಮಫ್ಲರ್ ಸುತ್ತಿಕೊಂಡ ಅವರ ಫೋಟೋ. ಅಜ್ಜಿ ಗಂಟು ಎತ್ತಿಕೊಂಡು ಹಿಂದಿನ ಸೀಟಿಗೆ ಹೋಯಿತು. ನಾನು ಫೋನ್ ಎತ್ತಿದರೆ ಅವರು, “ಬರ್ತಾ ಕೊತ್ಮೀರಿ ಸೊಪ್ಪು ತಗೊಂಬಾ” ಎಂದರು. ಒಂದು ತಿಂಗಳು ಆ ಬಸ್ಸು ಬಿಟ್ಟು ಮುಂದಿನ ಬಸ್ಸಿಗೆ ಹೋದೆ.

ಯಜಮಾನರು ತಮ್ಮ ಕೊಲೆಯನ್ನು ಸಂತೋಷದಿಂದ ಸ್ವೀಕರಿಸಿದರು. “ಫ್ಯೂಸ್ ಕಿತ್ರೆ ಹಂಗೆಲ್ಲ ಆಗಲ್ಲ ಕಣೇ” ಎಂದು ಒಂದು ತಾಂತ್ರಿಕ ಆಕ್ಷೇಪ ಎತ್ತಿದ್ದು ಬಿಟ್ಟರೆ ಹೆಮ್ಮೆಯೋ ಹೆಮ್ಮೆ. ಆ ಒಂದು ಪುಟ ಜೆರಾಕ್ಸ್ ಮಾಡಿಸಿ ಲ್ಯಾಮಿನೇಟ್ ಹಾಕಿಸಿ ಶರ್ಟಿನ ಜೇಬಿನಲ್ಲಿ ಇಟ್ಟುಕೊಂಡರು. ಮದುವೆಮನೆಯ ಪಂಕ್ತಿಯಲ್ಲಿ ಎಲೆ ಹಾಕುವ ಮೊದಲೇ ಅದನ್ನು ತೆಗೆದು ಪಕ್ಕದವರಿಗೆ ಕೊಡುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಉಪ್ಪಿನಕಾಯಿ ನೆಕ್ಕುತ್ತಿದ್ದೆ. ಆಗ ಬಂತು ನೋಡಿ ಹೊಟ್ಟೆಕಿಚ್ಚು, ಬಡ್ಡಿ ಸಮೇತ.

ಹೀಗಿರುವಾಗ ಕಳೆದ ವರ್ಷ ನಲವತ್ತೊಂಬತ್ತನೆಯ ಸಂಪುಟದ ಹಿಂಬದಿಯಲ್ಲಿ ಒಂದು ಪ್ರಕಟಣೆ: ‘ಐವತ್ತನೆಯ ಸಂಪುಟದೊಂದಿಗೆ ಈ ಮಾಲೆ ಮುಕ್ತಾಯವಾಗುವುದು.’ ಇನ್ನು ಒಂದೇ ಪುಸ್ತಕ. ಒಂದೇ ಕೊಲೆ. ಅದು ನನ್ನದಾಗದಿದ್ದರೆ ಇಷ್ಟು ವರ್ಷದ ನನ್ನ ಓದಿಗೆ, ಅಷ್ಟೊಂದು ಕಾಗದಕ್ಕೆ, ಆ ಪುಸ್ತಕಗಳಲ್ಲಿ ಒಂದು ಗುರುತೂ ಉಳಿಯುವುದಿಲ್ಲ. ನನಗೆ ಮಾತ್ರ ಗೊತ್ತಿರುವ ಒಬ್ಬ ಓದುಗಳಾಗಿ ನಾನು ರಿಟೈರ್ ಆಗುತ್ತೇನೆ. ನಗಬೇಡಿ, ನಿಜಕ್ಕೂ ದುಃಖವಾಯಿತು. ಕಾಗದ ಬರೆದರೆ ಆಗದ ಕೆಲಸ ಇದು ಎಂದು ಒಂದು ಶನಿವಾರ ಶಾಲೆ ಮುಗಿಸಿ ತುಮಕೂರಿಗೆ ಬಂದು, ಅಲ್ಲಿಂದ ಗುಬ್ಬಿ ಬಸ್ಸು ಹತ್ತಿದೆ.

ಭವಿಷ್ಯದ ಮನುಷ್ಯನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಸ್‌ಸ್ಟ್ಯಾಂಡಿನಿಂದ ಎರಡು ತಿರುವು. ಬನೀನು ಹಾಕಿಕೊಂಡ ಸಣಕಲು ಮುದುಕರು ಜಗಲಿಯ ಮೇಲೆ ದಪ್ಪ ರಿಜಿಸ್ಟರೊಂದನ್ನು ಹರವಿಕೊಂಡು ಕೂತಿದ್ದರು. ಅವರ ಹೆಂಡತಿ ಗೌರಮ್ಮ ಬಾಗಿಲಿಗೆ ಬಂದು, “ಒಳಕ್ಬನ್ನಿ ಮೇಡಂ, ಕುಂತ್ಕಳಿ. ಇವ್ರು ಇನ್ನೂ ಚಂದ್ರಲೋಕದಿಂದ ಇಳ್ದಿಲ್ಲ” ಎಂದು ಕಾಫಿಗೆ ಇಡಲು ಹೋದರು.

ಹೆಸರು, ಸದಾಶಿವನಗರದ ವಿಳಾಸ ಹೇಳಿದೆ. ಭವಿಷ್ಯಮಿತ್ರರು ಕನ್ನಡಕ ಏರಿಸಿ, “ಓ, ಗಂಗಾಧರಯ್ಯನವರ ಮನೆಯೋರಾ? ಪಾಪ, ಒಳ್ಳೇ ಮನುಷ್ಯ. ಕೊಲ್ಲುವಾಗ ನಂಗೂ ಕಷ್ಟ ಆಯ್ತು” ಎಂದರು. ಮಾಲೆ ಯಾಕೆ ನಿಲ್ಲಿಸುತ್ತೀರಿ ಅಂದರೆ, ಭವಿಷ್ಯ ಮುಗಿಯಿತಂತೆ. ಇಪ್ಪತ್ತೈದು ವರ್ಷದ ಹಿಂದೆ ಅವರು ಪರಂಜ್ಯೋತಿಗೆ ಮಾತಾಡುವ ಕೈಗಡಿಯಾರ ಕೊಟ್ಟಿದ್ದರು. ಮೊನ್ನೆ ಬೀದಿಯಲ್ಲಿ ಹಾಲು ಹಾಕುವವನ ಕೈಯಲ್ಲಿ ಅದೇ ಇತ್ತು. “ಎರಡು ಸಾವ್ರದ ಮುನ್ನೂರ ಹತ್ತಕ್ಕೆ ಅಂತ ಜ್ವಾಪಾನವಾಗಿ ಇಟ್ಕೊಂಡಿದ್ದನ್ನೆಲ್ಲ ಈಗ್ಲೇ ಅಂಗ್ಡೀಲಿ ಮಾರ್ತವ್ರೆ ಮೇಡಂ” ಎಂದರು. ದನಿಯಲ್ಲಿ ಕಳವಾದವರ ನೋವಿತ್ತು.

ನಾನು ಬಂದ ವಿಷಯವನ್ನೇ ನೇರವಾಗಿ ಕೇಳಿದೆ. “ಸಾರ್, ಇನ್ನೊಂದೇ ಪುಸ್ತಕ ಉಳಿದಿರೋದು. ನನ್ನ ಯಾವಾಗ ಕೊಲ್ತೀರಿ?” ಕಾಫಿ ತರುತ್ತಿದ್ದ ಗೌರಮ್ಮ ಹೊಸಿಲಲ್ಲೇ ನಿಂತುಬಿಟ್ಟರು.

ಅವರು ರಿಜಿಸ್ಟರಿನ ಪುಟ ತಿರುವಿದರು. ಬೆರಳು ಇಳಿಸುತ್ತಾ ಹೋದರು. “ನಿಮ್ಮೆಸ್ರೇ ಇಲ್ವಲ್ಲಮ್ಮಾ ಇಲ್ಲಿ. ಹಕ್ಕಿಲ್ಲದೋರನ್ನ ಕೊಂದ್ರೆ ನಾಳೆ ತಕರಾರು ಬತ್ತದೆ.”

“ತಪ್ಪು ತೋರಿಸಿ ಕಾಗದ ಬರೀತಿದ್ದೋಳು ನಾನೇ ಸಾರ್.”

“ಅದು ಗೊತ್ತು. ಕೈಬರಹ ನಿಮ್ದು. ಖಾತೆ ಅವರ್ದು.”

ಸರಿ, ಯಜಮಾನರ ಹೆಸರಿನಿಂದ ನನ್ನ ಹೆಸರಿಗೆ ವರ್ಗಾಯಿಸಿ, ಅವರ ಸೈನು ಹಾಕಿಸಿಕೊಂಡು ಬರುತ್ತೇನೆ ಎಂದೆ. ಭವಿಷ್ಯಮಿತ್ರರು ನನ್ನನ್ನು ಕನಿಕರದಿಂದ ನೋಡಿದರು. “ಅವ್ರೆಂಗಮ್ಮಾ ಸೈನ್ ಹಾಕ್ತಾರೆ? ಅವ್ರು ತೀರ್ಕಂಡವ್ರಲ್ಲ!”

ಅವರ ಮುಖದಲ್ಲಿ ತಮಾಷೆಯ ಗುರುತೇ ಇರಲಿಲ್ಲ. ನಲವತ್ತು ವರ್ಷ ಪತ್ರ ಬರೆದ ಮನುಷ್ಯನಿಗೆ ಒಮ್ಮೆ ಕಾಗದದ ಮೇಲೆ ಸತ್ತವನು ಸತ್ತವನೇ. ಉಳಿದಿರುವುದು ಒಂದೇ ದಾರಿ, ಪೌತಿ ಖಾತೆ ಎಂದರು. ಜಮೀನಿನ ಯಜಮಾನ ತೀರಿಕೊಂಡರೆ ಖಾತೆ ವಾರಸುದಾರರ ಹೆಸರಿಗೆ ಆಗುತ್ತದಲ್ಲ, ಹಾಗೆ ಮೃತ ಗಂಗಾಧರಯ್ಯನವರ ಚಂದಾ ಅವರ ವಿಧವೆಯ ಹೆಸರಿಗೆ. ಬೇಕಾದ ದಾಖಲೆ: ಒಂದು ಅರ್ಜಿ, ವಂಶಾವಳಿ, ಮರಣ ದಾಖಲೆ ಅಂದರೆ ಇಪ್ಪತ್ತೆಂಟನೆಯ ಸಂಪುಟದ ಎಂಬತ್ತನಾಲ್ಕನೇ ಪುಟದ ಜೆರಾಕ್ಸು. ತಕರಾರು ಇರುವವರು ಸಲ್ಲಿಸಲು ಒಂದು ವಾರ ಅವಕಾಶ.

ನನಗೆ ಆಕಾಶ ಮೂರೇ ಗೇಣು. ವಾಪಸು ಬರುವ ಬಸ್ಸಿನಲ್ಲೇ ಅರ್ಜಿ ಬರೆದೆ. ‘ನನ್ನ ಪತಿಯವರು ಕ್ರಿ.ಶ. ೨೩೧೦ರಲ್ಲಿ ಚಂದ್ರನ ಮೇಲೆ ದೈವಾಧೀನರಾದ ಕಾರಣ, ಸದರಿಯವರ ಚಂದಾದ ಏಕೈಕ ಓದುಗಳಾದ ನಾನು…’ ಬಹಳ ಚೆನ್ನಾಗಿ ಬಂದಿತ್ತು. ಆ ಸಂತೋಷದಲ್ಲಿ ಅದನ್ನು ಊಟದ ಟೇಬಲ್ಲಿನ ಮೇಲೆ ಬಿಟ್ಟು ಕೈಕಾಲು ತೊಳೆಯಲು ಹೋದದ್ದೇ ನಾನು ಮಾಡಿದ ತಪ್ಪು.

“ಏನೇ ಇದು!” ಎಂಬ ಕೂಗು ಬಚ್ಚಲಿಗೆ ಕೇಳಿಸಿತು. ಬಂದು ನೋಡಿದರೆ ಯಜಮಾನರು ಅರ್ಜಿಯನ್ನು ಹಾವು ಹಿಡಿದ ಹಾಗೆ ದೂರಕ್ಕೆ ಹಿಡಿದಿದ್ದಾರೆ. “ಉಪ್ಪಿಟ್ಟು ತಿನ್ಕೊಂಡು ಗುಂಡುಕಲ್ಲಿನಂಗೆ ಕೂತಿದೀನಿ, ನನ್ನ ದೈವಾಧೀನ ಮಾಡ್ಬಿಟ್ಟಿದೀಯಲ್ಲೇ!” ಜೇಬಿನಲ್ಲಿ ತಮ್ಮ ಸಾವನ್ನು ಲ್ಯಾಮಿನೇಟ್ ಮಾಡಿಸಿಕೊಂಡು ಊರೂರು ಸುತ್ತಿದ ಮನುಷ್ಯ! ನಾನು ಅದನ್ನೇ ಹೇಳಿದೆ. “ಅವ್ರು ಕೊಂದಿದ್ದು ಬ್ಯಾರೆ, ನೀನು ಬರ್ಕೊಟ್ಟಿದ್ದು ಬ್ಯಾರೆ” ಎಂದರು. ಆಮೇಲೆ ಬಿಳಿ ಹಾಳೆ ತೆಗೆದು, ತಾನು ಬದುಕಿರುವುದಾಗಿಯೂ, ಪೌತಿ ಖಾತೆ ಮಾಡಕೂಡದೆಂದೂ ತಕರಾರು ಅರ್ಜಿ ಬರೆಯಲು ಕೂತರು. ಆಧಾರ ಬೇಕಲ್ಲ? ಇಪ್ಪತ್ತೆಂಟನೆಯ ಸಂಪುಟ ಕೊಡು ಎಂದರು.

ಹೀಗೆ ನನ್ನ ಗಂಡ ಮೊದಲ ಸಲ ಪರಂಜ್ಯೋತಿಯನ್ನು ಓದಿದರು. ಮೂರು ದಿನ ಹಿಡಿಯಿತು. “ಈ ಯಂತ್ರಪ್ಪ ಯಾರ ಪೈಕಿ?” “ಚಂದ್ರನ ಮ್ಯಾಲೆ ಸೊಳ್ಳೆ ಹೆಂಗ್ ಬಂತು?” ಎಂದು ಮಧ್ಯೆ ಮಧ್ಯೆ ಕೇಳುತ್ತಿದ್ದರು. ನಾನು ಮುಖ ಊದಿಸಿಕೊಂಡಿದ್ದರೂ ಉತ್ತರ ಕೊಡದೆ ಇರಲಾಗುತ್ತಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಕುರ್ಚಿಯಿಂದ ಎಗರಿದರು. “ಸಿಕ್ತು ಕಣೇ! ನಾನ್ ಸತ್ತಿಲ್ಲ! ನೂರಾ ಮೂವತ್ತೊಂದ್ನೇ ಪುಟ ನೋಡು!”

ನೋಡಿದೆ. ಆ ಪುಟದಲ್ಲಿ ಒಂದು ಕ್ರಯಪತ್ರ. ಯಂತ್ರಪ್ಪನನ್ನು ಪರಂಜ್ಯೋತಿಗೆ ಮಾರಿದ್ದರ ದಾಖಲೆ. ಕೊನೆಗೆ ಸಾಕ್ಷಿಗಳು. ಒಂದನೇ ಸಾಕ್ಷಿ: ಕೆ. ಎನ್. ಗಂಗಾಧರಯ್ಯ, ಖುದ್ದು ಹಾಜರಿದ್ದು ರುಜು ಮಾಡಿರುತ್ತಾರೆ. ಎಂಬತ್ತನಾಲ್ಕರಲ್ಲಿ ಸತ್ತವರು ನಲವತ್ತೇಳು ಪುಟದ ನಂತರ ಬಂದು ಸೈನು ಹಾಕಿ ಹೋಗಿದ್ದರು.

ಕತ್ತರಿಸಿದ ಕೈ, ಬೊಗಳಿದ ನಾಯಿ ಒಂದನ್ನೂ ಬಿಡದವಳು ಇದನ್ನು ಹೇಗೆ ಬಿಟ್ಟೆ? ಆಮೇಲೆ ನೆನಪಾಯಿತು. ಎಂಬತ್ತನಾಲ್ಕನೇ ಪುಟದಿಂದ ಆಚೆಗೆ ನನಗೆ ಅಕ್ಷರವೇ ಕಂಡಿರಲಿಲ್ಲ. ಆ ಒಂದು ಸಂಪುಟವನ್ನು ನಾನು ಅರ್ಧಕ್ಕೆ ಮಡಿಚಿಟ್ಟಿದ್ದೆ. ಮತ್ತೆ ತೆಗೆಯುವ ಧೈರ್ಯ ಬಂದಿರಲಿಲ್ಲ. ಇದನ್ನು ಯಜಮಾನರಿಗೆ ಹೇಳಿದೆ. ಬಸ್ಸಿನ ಕಥೆಯನ್ನೂ ಹೇಳಿದೆ. ಗೆದ್ದ ಖುಷಿಯಲ್ಲಿದ್ದವರು ಪುಸ್ತಕ ಮುಚ್ಚಿ ಕೆಳಗಿಟ್ಟರು. “ಅಜ್ಜಿ ಕೈಲಿ ಸೊಪ್ಪಾದ್ರೂ ತಗೋಬೋದಿತ್ತು” ಎಂದರು.

ಭಾನುವಾರ ಇಬ್ಬರೂ ಗುಬ್ಬಿಗೆ ಹೋದೆವು. ಮೃತರು ಖುದ್ದಾಗಿ ಗೇಟು ತೆಗೆದುಕೊಂಡು ಬಂದದ್ದನ್ನು ನೋಡಿ ಗೌರಮ್ಮ, “ಅಯ್ಯೋ ಶಿವನೇ, ಇವರನ್ನೇನ್ರೀ ನೀವು ಕೊಂದಿದ್ದು? ಇಷ್ಟು ಲಕ್ಷಣವಾಗವ್ರೆ!” ಎಂದು ಗಂಡನನ್ನು ಬೈದರು. ಭವಿಷ್ಯಮಿತ್ರರು ನೂರ ಮೂವತ್ತೊಂದನೇ ಪುಟವನ್ನು ಎರಡು ಸಲ ಓದಿದರು. “ಕೈ ಅಭ್ಯಾಸ” ಎಂದರು ಪೆಚ್ಚಾಗಿ. “ಸಾಕ್ಷಿ ಕಾಲಂ ಖಾಲಿ ಇದ್ರೆ ಅಕ್ಕಪಕ್ಕ ಯಾರಿದಾರೆ ಅಂತ ಕೈಯ್ಯೇ ಹುಡುಕ್ತದೆ. ಇವ್ರು ಹತ್ರದಲ್ಲೇ ಬಿದ್ದಿದ್ರು.” ತಕರಾರು ಎತ್ತಿಹಿಡಿಯಲಾಯಿತು. ಪೌತಿ ಖಾತೆ ರದ್ದಾಯಿತು. ಯಜಮಾನರು ಜೇಬಿನ ಲ್ಯಾಮಿನೇಟನ್ನು ತೆಗೆದು ಸರೆಂಡರ್ ಮಾಡಿದರು.

ಬದುಕಿದ್ದಾರೆ ಅಂದಮೇಲೆ ಕೆಲಸ ಸುಲಭ. ಭವಿಷ್ಯಮಿತ್ರರು ಅಲ್ಲೇ ಕೂತು ಒಂದು ದಾನಪತ್ರ ಬರೆದರು. ‘ಸದರಿ ಚಂದಾಕ್ಕೆ ಸೇರಿದ ಓದುವ ಹಕ್ಕು, ತಪ್ಪು ಹುಡುಕುವ ಹಕ್ಕು ಹಾಗೂ ಕೊಲೆಯಾಗುವ ಹಕ್ಕನ್ನು ನನ್ನ ಧರ್ಮಪತ್ನಿ ಬಿ. ಎಸ್. ಸುವರ್ಣ ಇವರಿಗೆ ಸ್ವಸಂತೋಷದಿಂದ ಬಿಟ್ಟುಕೊಟ್ಟಿರುತ್ತೇನೆ.’ ಯಜಮಾನರ ಪೆನ್ನು ಕಾಗದದ ಮೇಲೆ ಸ್ವಲ್ಪ ಹೊತ್ತು ನಿಂತಿತು. “ಕೊಲೆಯಾಗೋದು ಬೇಕೇ ಬೇಕೇನೇ?” ಎಂದು ಮೆಲ್ಲಗೆ ಕೇಳಿದರು. “ಅದಕ್ಕೇ ತಾನೇ ರೀ ಇಷ್ಟೆಲ್ಲ” ಎಂದೆ. ಸೈನು ಹಾಕಿದರು. ಭವಿಷ್ಯಮಿತ್ರರು ನನ್ನ ಕಡೆ ತಿರುಗಿ, “ಕೊನೇ ಪುಸ್ತಕದಲ್ಲಾದ್ರೂ ಒಂದು ತಪ್ಪೂ ಇರ್ಬಾರ್ದು ಮೇಡಂ. ಅಚ್ಚಿಗೆ ಹೋಗೋಕ್ಮುಂಚೆ ಪ್ರೂಫು ನೀವೇ ನೋಡಿ” ಎಂದರು. ಇಂಥ ಗೌರವ ನನಗೆ ಸರ್ಕಾರದಿಂದಲೂ ಸಿಕ್ಕಿರಲಿಲ್ಲ.

ನಾಲ್ಕು ತಿಂಗಳಿಗೆ ಪ್ರೂಫು ಬಂತು. ತೊಂಬತ್ತಾರನೇ ಪುಟದಲ್ಲಿ ನಾನು ಸತ್ತೆ. ಏನು ಸಾವು ಅಂತೀರಿ! ಶನಿಯ ಉಂಗುರದ ಮೂಲಪತ್ರದಲ್ಲಿದ್ದ ಒಂದು ತಪ್ಪನ್ನು ಕಂಡುಹಿಡಿದ ವಿಜ್ಞಾನದ ಅಧ್ಯಾಪಕಿ ಸುವರ್ಣ, ಅದನ್ನು ಮುಚ್ಚಿಡು ಎಂದರೆ ಒಪ್ಪದೆ, ಗಾಳಿಯ ಕೊಳವೆ ಕತ್ತರಿಸಲ್ಪಟ್ಟು ಪ್ರಾಣ ಬಿಟ್ಟಳು. ‘ಇಂಥ ಕಣ್ಣು ಮತ್ತೆ ಹುಟ್ಟುವುದಿಲ್ಲ’ ಎಂದು ಪರಂಜ್ಯೋತಿ ಟೋಪಿ ತೆಗೆದ, ಬಲಗೈಯಿಂದಲೇ. ನಾನು ತಿಂಡಿ ಹೊತ್ತಿನಲ್ಲಿ ಯಜಮಾನರಿಗೆ ಅದನ್ನು ಗಟ್ಟಿಯಾಗಿ ಓದಿ ಹೇಳಿದೆ. ಅವರು “ಚೆನ್ನಾಗದೆ” ಎಂದು ಎದ್ದು ಹಿತ್ತಿಲಿಗೆ ಹೋಗಿ, ಆಗಲೇ ನೀರು ಹಾಕಿದ್ದ ಕರಿಬೇವಿನ ಗಿಡಕ್ಕೆ ಮತ್ತೆ ನೀರು ಹಾಕಿದರು. ಪಾಪ, ಹೊಟ್ಟೆಕಿಚ್ಚು ಅಂದುಕೊಂಡೆ. ನನಗೆ ಅದರ ಅನುಭವ ಇತ್ತಲ್ಲ.

ಒಂದು ವಾರ ಪ್ರೂಫು ಟೇಬಲ್ಲಿನ ಮೇಲಿತ್ತು. ಸಂಜೆ ಬಂದು ಕೆಂಪು ಪೆನ್ನು ಹಿಡಿದು ಕೂರುತ್ತಿದ್ದೆ. ಯಂತ್ರಪ್ಪನಿಗೆ ಇದ್ದಕ್ಕಿದ್ದಂತೆ ಹುಟ್ಟಿದ ತಂಗಿಯನ್ನು ತೆಗೆದುಹಾಕಿದೆ. ಶನಿಗೆ ಹೋಗುವ ರಾಕೆಟ್ಟಿನ ಹೊತ್ತನ್ನು ಮೂರು ವರ್ಷಕ್ಕೆ ಏರಿಸಿದೆ. ಕೊಲೆಗಾರನ ವರ್ಣನೆಯಲ್ಲಿ ‘ಊರಿಗೇ ಬೇಕಾದವರು’ ಎಂಬುದನ್ನು ಮಾತ್ರ ಮುಟ್ಟಲು ಮನಸ್ಸಾಗಲಿಲ್ಲ, ಅದು ಸಂಪ್ರದಾಯ. ಕಳಿಸುವ ದಿನ ಬೆಳಿಗ್ಗೆ ಕೊನೆಯ ಸಲ ಪುಟ ತಿರುವುತ್ತಿದ್ದೆ. ನೂರ ಮೂವತ್ತೆರಡನೇ ಪುಟಕ್ಕೆ ಬಂದಾಗ ನಿಂತೆ.

ಆ ಅಧ್ಯಾಯದಲ್ಲಿ ಪರಂಜ್ಯೋತಿ ಮತ್ತು ಯಂತ್ರಪ್ಪ ಇಬ್ಬರೇ ರಾಕೆಟ್ಟಿನಲ್ಲಿ ಕೂತು ನನ್ನ ಸಾವಿನ ಬಗ್ಗೆ ಮಾತಾಡುತ್ತಿರುತ್ತಾರೆ. ಸುತ್ತ ಕೋಟಿ ಮೈಲಿ ನರಪಿಳ್ಳೆಯಿಲ್ಲ. ಅವರ ಮಾತಿನ ನಡುವೆ, ಎರಡು ಸಾಲುಗಳ ಮಧ್ಯೆ ಬಾಣದ ಗುರುತು ಹಾಕಿ, ಪೆನ್ಸಿಲಿನಲ್ಲಿ, ಕರೆಂಟ್ ಆಫೀಸಿನ ಗುಂಡಗಿನ ಅಕ್ಷರದಲ್ಲಿ ಯಾರೋ ಒಂದು ವಾಕ್ಯ ಸೇರಿಸಿದ್ದರು: ‘ಅಷ್ಟರಲ್ಲಿ ಸುವರ್ಣ ಒಳಗಿನಿಂದ ಬಂದು, ರೀ, ಕಾಫಿ ಆರ್ತಾ ಇದೆ, ಏಳಿ ಎಂದಳು.’

ಹಿತ್ತಿಲಿನಲ್ಲಿ ಯಜಮಾನರು ಕರಿಬೇವಿಗೆ ನೀರು ಹಾಕುತ್ತಲೇ ಇದ್ದರು. ಆ ಗಿಡ ಬದುಕಿರುವುದೇ ಆಶ್ಚರ್ಯ.

ಕೆಂಪು ಪೆನ್ನಿನ ಮುಚ್ಚಳ ತೆಗೆದೆ. ಬೇರೆಯವರ ಮದುವೆ ಕಾಗದದಲ್ಲೂ ತಪ್ಪು ಕಂಡರೆ ತಿದ್ದದೆ ಬಿಟ್ಟವಳಲ್ಲ ನಾನು. ಪೆನ್ಸಿಲು ಮಸುಕಾಗಿತ್ತು. ಅಚ್ಚಿನವರ ಕಣ್ಣಿಗೆ ಬೀಳದೆ ಹೋದೀತು ಎಂದು, ಆ ವಾಕ್ಯದ ಒಂದೊಂದು ಅಕ್ಷರದ ಮೇಲೂ ಕೆಂಪು ಶಾಯಿಯಲ್ಲಿ ದಪ್ಪಗೆ ತೀಡಿದೆ.